ಬಾಣಂತಿ ನೀರಲ್ಲಿ ಮಿಂದ ಆಪೂಸು

ಇವತ್ತು ಯಾರೂ ನಗುವಂಥದ್ದು ಆಗಬಾರದು ಎಂದು ಸೆರಗಿಗೆ ಎರಡು ಪಿನ್ನು ಹೆಚ್ಚಿಗೆ ಚುಚ್ಚಿಕೊಂಡು ಹೊರಟ ದಿನವೇ ನನಗೆ ಅಂಥದ್ದು ಆಗುತ್ತದೆ. ಒಮ್ಮೆ ಆದರೆ ಗ್ರಹಚಾರ ಎನ್ನಬಹುದು. ನನಗೆ ಹಂಗಾಮಿಗೆ ನಾಲ್ಕೈದು ಸಲ ಆಗುತ್ತದೆ.

ತೋಟಗಾರಿಕೆ ಇಲಾಖೆಯಲ್ಲಿ ನನ್ನದು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕು ಅಲೆಯುವ ಕೆಲಸ. ನಾನು ಹುಟ್ಟಿದ್ದು ಹಾನಗಲ್ ಕಡೆ. ಹಾಗಾಗಿ ನನ್ನ ಮಾತಿನಲ್ಲಿ ‘ರೀ’ ಜಾಸ್ತಿ, ದನಿಯೂ ಸ್ವಲ್ಪ ಜಾಸ್ತಿ. ಇಲ್ಲಿಯವರು ಮೆತ್ತಗೆ ಮಾತಾಡುವವರು. ನಾನು ನಮಸ್ಕಾರ ಅಂದರೂ ಯಾರನ್ನೋ ಬೈಯುತ್ತಿದ್ದಾರೆ ಎಂದು ಎದ್ದು ನಿಲ್ಲುತ್ತಾರೆ. ಅದು ಗೌರವ ಎಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಕೆಲವು ವರ್ಷದ ಹಿಂದೆ ನನ್ನ ತಲೆಗೆ ಒಂದು ಹೊಸ ಯೋಜನೆ ಬಂತು. ಹೊರದೇಶಕ್ಕೆ ಹೋಗುವ ಮಾವಿನಹಣ್ಣನ್ನು ಕೊಯ್ದ ಮೇಲೆ ನಲವತ್ತೆಂಟು ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿ ಇಡಬೇಕು. ಒಳಗೆ ಹಣ್ಣುನೊಣ ಇಟ್ಟ ಮೊಟ್ಟೆ ಸಾಯಬೇಕು, ಹಣ್ಣು ಬದುಕಬೇಕು. ಅದಕ್ಕೆ ಬೇಕಾದ ಉಕ್ಕಿನ ತೊಟ್ಟಿ ಮತ್ತು ಹೀಟರನ್ನು ಇಲಾಖೆ ಕೊಡುತ್ತದೆ, ಜಾಗವನ್ನು ಗ್ರಾಮ ಪಂಚಾಯ್ತಿ ಕೊಡುತ್ತದೆ, ಬುದ್ಧಿಯನ್ನು ನಾನು ಕೊಡಬೇಕು. ಮೊದಲಿನ ಎರಡು ಸರಿಯಾಗಿಯೇ ಬಂದವು.

ಓದುವವರು ನಗಲಿ ಎಂದೇ ಆಮೇಲೆ ಆದದ್ದನ್ನು ಹೇಳುತ್ತಿದ್ದೇನೆ. ಆದರೆ ಹೇಳುವಾಗ ನನ್ನ ಕಿವಿ ಈಗಲೂ ಬಿಸಿಯಾಗುತ್ತದೆ.

೧. ಎಣ್ಣೆ ಹಚ್ಚುವುದು ಬೇಡವೇ?

ಮೊದಲ ಸಭೆ ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿಯಲ್ಲಿ. ಗೋಡೆಯ ಮೇಲೆ ಚಿತ್ರ ಬಿಟ್ಟುಕೊಂಡು ನಾನು ಮುಕ್ಕಾಲು ಗಂಟೆ ಮಾತಾಡಿದೆ. ಚಿತ್ರಗಳೆಲ್ಲ ಮೇಲಿನ ಆಫೀಸಿನಿಂದ ಬಂದವು. ನಿಜ ಹೇಳಬೇಕೆಂದರೆ ಆ ತೊಟ್ಟಿಯನ್ನು ನಾನೂ ಆವತ್ತಿಗೆ ಚಿತ್ರದಲ್ಲಷ್ಟೇ ನೋಡಿದ್ದೆ.

ಮುಂದೆ ಕೂತಿದ್ದ ವಯಸ್ಸಾದ ಕೃಷಿಕರೊಬ್ಬರು ಎಲೆಯಡಿಕೆ ಕವಳದ ರಸ ಹೊರಗೆ ಉಗಿದು ಬಂದು ಕೇಳಿದರು: “ಮೇಡಂ, ಬಿಸಿನೀರಲ್ಲಿ ಮೀಸುದು ಸರಿ. ಮೊದಲು ಎಣ್ಣೆ ಹಚ್ಚುದು ಬೇಡ್ವಾ?”

ಸಭೆ ಎಲ್ಲಾ ನಕ್ಕಿತು. ನನಗೆ ಸಿಟ್ಟು ಬಂತು. “ಇದು ವಿಜ್ಞಾನ ಐತ್ರೀ. ಚೇಷ್ಟೆ ಅಲ್ಲ” ಅಂದೆ.

“ಚೇಷ್ಟೆ ಅಲ್ಲ ಮಾರಾಯ್ರೆ, ತಿಳ್ಕಳುಕೆ ಕೇಳಿದ್ದು. ನೀವು ಸ್ವತಃ ಮಾಡಿ ನೋಡಿದ್ದೀರಲ್ಲಾ?”

“ಬೇಕಾದಷ್ಟು ಸಲ” ಅಂದೆ. ಸುಳ್ಳು ಹೇಳುವಾಗ ನನ್ನ ದನಿ ಇನ್ನೂ ಜೋರಾಗುತ್ತದೆ ಎನ್ನುವುದು ನನ್ನ ಮನೆಯವರಿಗೆ ಗೊತ್ತು. ಪುಣ್ಯಕ್ಕೆ ವಜ್ರಳ್ಳಿಯವರಿಗೆ ಗೊತ್ತಿರಲಿಲ್ಲ.

ಅಲ್ಲಿಗೇ ಬಾಯಿ ಮುಚ್ಚಿಕೊಳ್ಳಬಹುದಿತ್ತು. ಅನುಭವಸ್ಥಳು ಎಂದು ತೋರಿಸಿಕೊಳ್ಳಬೇಕಲ್ಲ, ಒಂದು ಮಾತು ಸೇರಿಸಿದೆ: “ಹಣ್ಣು ನೀರಿಗೆ ಬಿಟ್ಟ ಕೂಡಲೇ ನೋಡ್ಕೋರಿ. ಮುಳುಗಿದ್ದನ್ನ ತಗದ್ ಇಡ್ರಿ. ಚಂದಾಗಿ ತೇಲಿದ್ದನ್ನ ಆರಿಸ್ರಿ. ರಫ್ತಿಗೆ ಅದೇ.”

ಸಭೆಯಲ್ಲಿ ಸದ್ದೇ ಇಲ್ಲ. ನನ್ನ ಮಾತು ಮನಸ್ಸಿಗೆ ಇಳಿಯಿತು ಅಂದುಕೊಂಡೆ. ಹಿಂದಿನ ಸಾಲಿನ ಹೆಂಗಸೊಬ್ಬರು, ಪಾಪ, ನನಗೆ ಮುಜುಗರ ಆಗಬಾರದು ಎಂದು ಬಹಳ ಮೆಲ್ಲಗೆ ಹೇಳಿದರು:

“ಬೆಳೆದ ಕಾಯಿ ಮುಳುಗ್ತದೆ ಮೇಡಂ. ತೇಲಿದ್ದು ಎಳಸು. ಅದನ್ನ ನಾವು ದನಕ್ಕೆ ಹಾಕ್ತೇವೆ.”

೨. ದೊಡ್ಡ ಜಾತಿಯ ಆಪೂಸು

ತೊಟ್ಟಿ ಬಂದಿದ್ದು ಸಿದ್ದಾಪುರ ತಾಲ್ಲೂಕಿನ ಮನ್ಮನೆ ಕಡೆಗೆ. ಅಲ್ಲಿ ಬೆಳೆಗಾರ ಹೆಂಗಸರ ಸಂಘವೊಂದಿದೆ. ಅದರ ಅಧ್ಯಕ್ಷೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ, ಈ ಬರಹದಲ್ಲೂ ಅಕ್ಕ ಎಂದೇ ಇರಲಿ.

ಅಕ್ಕ ಸಣ್ಣ ಆಳು, ಮಾತು ಕಡಿಮೆ. ಆದರೆ ಆ ವರ್ಷ ಅವರು ಮಾಡಿದ ಕೆಲಸ ದೊಡ್ಡದು. ಆ ಕಡೆ ಮನೆಯ ಹಿಂದೆ ಹುಲ್ಲು ಬೆಳೆಯುವ ಬ್ಯಾಣದಲ್ಲಿ ಆಪೂಸು ಮಾವಿನ ಮರ ಇಟ್ಟವರು ಹನ್ನೊಂದು ಮನೆಯವರಿದ್ದಾರೆ. ಹೂ ಬಿಡುವ ಹೊತ್ತಿಗೆ ಗುತ್ತಿಗೆದಾರ ಬಂದು ಮರಕ್ಕೆ ಮರವೇ ಮಾತಾಡಿಕೊಂಡು ಹೋಗುವುದು ರೂಢಿ. ಆಮೇಲೆ ಹಣ್ಣು ಎಲ್ಲಿಗೆ ಹೋಯಿತು, ಯಾರು ತಿಂದರು ಎಂದು ಬೆಳೆದವರಿಗೆ ಗೊತ್ತಾಗುವುದಿಲ್ಲ. ಅಕ್ಕ ಹನ್ನೊಂದು ಮನೆಗೂ ನಡೆದು ಹೋಗಿ, ಈ ಸಲ ಗುತ್ತಿಗೆ ಕೊಡಬೇಡಿ, ನಮ್ಮ ಹಣ್ಣನ್ನು ನಾವೇ ಹೊರದೇಶಕ್ಕೆ ಕಳಿಸುವ ಎಂದು ಒಪ್ಪಿಸಿದ್ದರು. ಯಾರ ಭರವಸೆಯ ಮೇಲೆ ಅಂತ ಕೇಳಿದವರಿಗೆಲ್ಲ ಅವರು ಕೊಟ್ಟ ಉತ್ತರ ಒಂದೇ: “ಮೇಡಂ ಹೇಳಿದ್ದಾರೆ.”

ಆ ಮೇಡಂ ನಾನು.

ಪಂಚಾಯ್ತಿ ಒಂದು ಹಳೇ ಶೆಡ್ಡು ಕೊಟ್ಟಿತು. ಮಾರ್ಚ್ ಮುಗಿಯುವುದರೊಳಗೆ ಉದ್ಘಾಟನೆ ಆಗಲೇಬೇಕು, ಫೋಟೋ ಬೇಕೇ ಬೇಕು ಎಂದು ಮೇಲಿನಿಂದ ಆದೇಶ ಬಂತು. ಮರದಲ್ಲಿ ನೋಡಿದರೆ ಆಪೂಸು ಇನ್ನೂ ನಿಂಬೆ ಗಾತ್ರ. ಮುಳುಗಿಸಿ ತೋರಿಸಲು ಹಣ್ಣೇ ಇಲ್ಲ.

ಅಕ್ಕನ ಮನೆ ಅಟ್ಟದಲ್ಲಿ ಬಾಳೆಪಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಮೊಗೆಕಾಯಿ ನನ್ನ ಕಣ್ಣಿಗೆ ಬಿತ್ತು. ಹುಳಿಗೆ ಹಾಕುವ ಬಣ್ಣದ ಸೌತೆ. ಹಳದಿಯಾಗಿ, ಗುಂಡಗೆ, ನುಣ್ಣಗೆ ಇದ್ದವು. ಹನ್ನೆರಡು ಇಳಿಸಲು ಹೇಳಿದೆ.

“ಮೇಡಂ, ಇದು ತಪ್ಪಾಗ್ತದಲ್ವಾ?” ಎಂದರು ಅಕ್ಕ.

“ಫೋಟೋದಾಗ ರುಚಿ ಗೊತ್ತಾಗ್ತೈತೇನ್ರೀ?” ಅಂದೆ.

ಪಂಚಾಯ್ತಿ ಅಧ್ಯಕ್ಷರು ಟೇಪು ಕತ್ತರಿಸಿ, ಒಂದೊಂದೇ ಮೊಗೆಕಾಯಿಯನ್ನು ಹಸುಗೂಸನ್ನು ಹಿಡಿದ ಹಾಗೆ ಹಿಡಿದು ನೀರಿಗೆ ಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಹೋಗುವಾಗ ಅಧ್ಯಕ್ಷರು ಹುಳಿಗೆಂದು ಎರಡನ್ನು ಕಾರಿಗೆ ಹಾಕಿಸಿಕೊಂಡರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನ ಮೇಲಧಿಕಾರಿಗಳ ಫೋನು. ಸಿಕ್ಕಿಬಿದ್ದೆ ಅಂದುಕೊಂಡೆ. ಆದರೆ ಅವರ ದನಿಯಲ್ಲಿ ಸಂತೋಷವೋ ಸಂತೋಷ: “ಫೋಟೋ ನೋಡಿದೆ. ಎಷ್ಟು ದೊಡ್ಡ ಆಪೂಸು ರೀ! ಯಾವ ತಳಿ?”

ಸತ್ಯ ಹೇಳಲು ಇದ್ದ ಒಂದೇ ಅವಕಾಶ ಅದು. ನಾನು, “ಇಲ್ಲಿನ ಸ್ಥಳೀಯ ಆಯ್ಕೆ ಸರ್” ಅಂದುಬಿಟ್ಟೆ.

ಅವರಿಗೆ ವರ್ಗವಾಗಿ ಬಹಳ ದಿನವಾಯಿತು. ಈಗಲೂ ಹಬ್ಬಕ್ಕೆ ಶುಭಾಶಯ ಕಳಿಸಿದಾಗ ಕೆಳಗೊಂದು ಸಾಲು ಇರುತ್ತದೆ: ಆ ತಳಿಯ ಎರಡು ಕಸಿ ಗಿಡ ನನ್ನ ಹಿತ್ತಲಿಗೆ ಮರೆಯಬೇಡಿ.

೩. ನಿಲ್ಕುಂದದ ಬಾಟಲಿ

ಕೊಯ್ಲಿಗೆ ಮೊದಲು ಸಂಘದವರಿಗೆ ಕಾಯಿ ಕೊಯ್ಯುವ ಪಾಠ ಮಾಡಬೇಕಿತ್ತು. ಅದನ್ನು ನಿಲ್ಕುಂದದಲ್ಲಿ ಒಬ್ಬ ಸದಸ್ಯೆಯ ಮನೆಯಂಗಳದಲ್ಲಿ ಇಟ್ಟುಕೊಂಡೆವು. ತೊಟ್ಟು ಬಿಟ್ಟು ಕತ್ತರಿಸಬೇಕು, ಕಾಯಿಯನ್ನು ಮಗುಚಿ ಇಟ್ಟು ಸೊನೆ ಪೂರಾ ಇಳಿಸಬೇಕು. ಸೊನೆ ತಾಗಿದ ಕಡೆ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ. ಹೊರದೇಶದವರು ಒಂದು ಕಪ್ಪು ಚುಕ್ಕೆ ಕಂಡರೂ ಡಬ್ಬವನ್ನೇ ವಾಪಸು ಹಾಕುತ್ತಾರೆ.

“ಸೊನೆ ಅಂದ್ರ ಮಾವಿನ ವೈರಿ” ಎಂದು ನಾನು ಮೂರು ಸಲ ಹೇಳಿ, ಮೂರು ಸಲ ಅವರಿಂದಲೂ ಹೇಳಿಸಿದೆ. ಪಾಪ, ಎಲ್ಲರೂ ಹೇಳಿದರು.

ಕೈ ತೊಳೆಯಲು ಹಿತ್ತಲ ಕಡೆ ಹೋದವಳಿಗೆ ಜಗಲಿಯ ಅಂಚಿನಲ್ಲಿ ಒಂದು ಗಾಜಿನ ಬಾಟಲಿ ಕಂಡಿತು. ಮುಚ್ಚಳ ತೆಗೆದು ನೋಡಿದರೆ ಒಳಗೆ ಸೊನೆ! ತುಂಬಾ ಸೊನೆ! ನಾನು ಇಷ್ಟು ಹೊತ್ತು ಗಂಟಲು ಹರಿದುಕೊಂಡದ್ದು ಯಾರಿಗೆ? ಅಲ್ಲೇ ನಿಂತು ಬಚ್ಚಲ ಕಾಲುವೆಗೆ ಬಗ್ಗಿಸಿದೆ. ಖಾಲಿ ಬಾಟಲಿ ಹಿಡಿದು ಅಂಗಳಕ್ಕೆ ಬಂದು, ಎಲ್ಲರೆದುರು ಎತ್ತಿ ತೋರಿಸಿ, “ವೈರಿಯನ್ನ ಮನ್ಯಾಗ ಇಟ್ಕೊಂಡು ಸಾಕ್ತಾರೇನ್ರಿ?” ಎಂದು ಗದರಿದೆ.

ಮನೆಯೊಡತಿ ಬಾಟಲಿ ನೋಡಿದರು, ನನ್ನನ್ನು ನೋಡಿದರು. “ಊಟಕ್ಕೆ ಏಳಿ ಮೇಡಂ” ಅಂದರು.

ಊಟ ಮಾತ್ರ ಏನು ಹೇಳಲಿ. ಕೊನೆಗೆ ಮಜ್ಜಿಗೆ ಬಡಿಸಿದರು. ಒಂದು ಗುಟುಕು ಕುಡಿದೆ, ಮಾವಿನ ಮರದ ಕೆಳಗೇ ಕೂತ ಹಾಗಾಯಿತು. ಅಂಥ ಪರಿಮಳವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ನಾಚಿಕೆ ಬಿಟ್ಟು ಮೂರನೇ ಲೋಟ ಹಾಕಿಸಿಕೊಂಡು, “ಇದಕ್ಕೇನ್ ಹಾಕೀರಿ?” ಎಂದು ಕೇಳಿದೆ.

ಮನೆಯೊಡತಿ ಅತ್ತಿತ್ತ ನೋಡಿದರು. ಹೇಳಲೋ ಬೇಡವೋ ಎಂಬಂತೆ ಬಾಯಿ ತೆರೆದರು.

“ಅಪ್ಪೆಮಿಡಿ ಸೊನೆ ಮೇಡಂ. ಹೊಳೆದಂಡೆಯ ಒಂದೇ ಮರದ್ದು. ಒಂದು ಲೋಟಕ್ಕೆ ಎರಡೇ ಹನಿ ಹಾಕುದು, ವರ್ಷ ಇಡೀ ಬರ್ತದೆ. ನೀವು ಕುಡಿದದ್ದು ಹೋದ ವರ್ಷದ್ದು.” ಮಜ್ಜಿಗೆ ಪಾತ್ರೆ ಎತ್ತಿಕೊಳ್ಳುತ್ತ ಸೇರಿಸಿದರು: “ಚೆಲ್ಲಿದ್ದು ಈ ವರ್ಷದ್ದು.”

೪. ಮೂವತ್ನಾಲ್ಕು

ಈಗ ಹೇಳುವುದು ನಗುವ ಸಂಗತಿಯೇ. ನನಗೆ ನಗು ಬರಲು ಮಾತ್ರ ಒಂದು ವರ್ಷ ಬೇಕಾಯಿತು.

ಮೊದಲ ಹಣ್ಣು ತೊಟ್ಟಿಗೆ ಇಳಿಯುವ ದಿನ. ಹನ್ನೊಂದು ಮನೆಗಳ ಪೈಕಿ ಮೂರು ಮನೆಯ ಆಪೂಸು ಮೊದಲು ಬಂದಿತ್ತು. ಸಂಜೆ ರಫ್ತು ಕಂಪನಿಯವರು ಬಂದು ನೋಡುವುದೆಂದು ಮಾತಾಗಿತ್ತು. ಒಪ್ಪಿದರೆ ಉಳಿದ ಎಂಟು ಮನೆಯ ಹಣ್ಣೂ ಅವರಿಗೇ. ಒಪ್ಪದಿದ್ದರೆ ಅಕ್ಕ ಹನ್ನೊಂದು ಮನೆಗೂ ಮುಖ ತೋರಿಸಬೇಕು. ಅವರು ಬೆಳಿಗ್ಗೆಯಿಂದ ಒಂದು ಲೋಟ ಚಹಾ ಕೂಡ ಕುಡಿದಿರಲಿಲ್ಲ.

ನಾನು ಎಲ್ಲರಿಗಿಂತ ಮೊದಲೇ ಶೆಡ್ಡಿನೊಳಗೆ ಹೋಗಿ ತೊಟ್ಟಿ ತೊಳೆಸಿ, ನೀರು ತುಂಬಿಸಿ, ಕರೆಂಟು ಕೊಟ್ಟೆ. ಯಂತ್ರದ ಮೇಲೆ ಕೆಂಪಗೆ ಅಂಕಿ ಹೊಳೆಯಿತು: ಮೂವತ್ನಾಲ್ಕು. ಹಣ್ಣಿನ ಬುಟ್ಟಿ ಇಳಿಸಿದೆವು. ನಲವತ್ತೆಂಟಕ್ಕೆ ಬಂದ ಮೇಲೆ ಒಂದು ಗಂಟೆ ಎಣಿಸುವುದು, ಯಂತ್ರ ತಾನೇ ಬಿಸಿ ನಿಲ್ಲಿಸುತ್ತದೆ, ಯಾರೂ ಏನೂ ಮುಟ್ಟಬೇಡಿ ಎಂದು ಹೇಳಿ ಕುರ್ಚಿ ಹಾಕಿಕೊಂಡು ಅಂಕಿಯ ಎದುರು ಕೂತೆ.

ಕಾಲು ಗಂಟೆ ಆಯಿತು. ಮೂವತ್ನಾಲ್ಕು. ಅರ್ಧ ಗಂಟೆ ಆಯಿತು. ಮೂವತ್ನಾಲ್ಕು.

“ನಿಮ್ಮೂರಿನ ನೀರು ಭಾಳ ತಣ್ಣಗ ಐತ್ರಿ” ಅಂದೆ.

ಅಕ್ಕನ ಅತ್ತೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಬಂದರು. ಬೆನ್ನು ಬಾಗಿ ಅರ್ಧವಾದ ಮುದುಕಿ. ಆ ಸೀಮೆಯ ಎಷ್ಟೋ ಬಾಣಂತಿಯರಿಗೆ, ಕೂಸುಗಳಿಗೆ ನೀರು ಹೊಯ್ದ ಕೈ ಅವರದು. ಹಂಡೆಯ ನೀರನ್ನು ಮೊಣಕೈಯಲ್ಲಿ ನೋಡಿ ಇದು ಕೂಸಿಗೆ, ಇದು ಬಾಣಂತಿಗೆ, ಇದು ಗಂಡಸರಿಗೆ ಎಂದು ಹೇಳುವವರು. ತೊಟ್ಟಿಯ ನೀರಿಗೆ ಮೊಣಕೈ ಅದ್ದಿದವರು ಫಕ್ಕನೆ ಎಳೆದುಕೊಂಡರು.

“ಕೂಸೇ,” ಎಂದು ಸೊಸೆಯನ್ನು ಕರೆದರು, “ಇದು ಬಾಣಂತಿ ಮೀಸ ನೀರಾತು. ಮಾವಿನಹಣ್ಣು ಎಂತ ಬಾಣಂತಿಯನೇ?”

ಅಕ್ಕ ನನ್ನ ಮುಖ ನೋಡಿದರು. “ಮೇಡಂ, ಅತ್ತೆ ಬಿಸಿ ಜಾಸ್ತಿ ಹೇಳ್ತಿದ್ದಾರೆ.”

“ಯಂತ್ರಕ್ಕಿಂತ ನಿಮ್ಮತ್ತಿ ಮೊಣಕೈ ಶಾಣೇದೇನ್ರಿ?” ಅಂದೆ. ಹಾಗೇ ಅಂದೆ, ಎಲ್ಲರೆದುರು. “ಮೂವತ್ನಾಲ್ಕು ತೋರಸಾಕತ್ತೈತಿ. ಇನ್ನೂ ಹದಿನಾಲ್ಕು ಡಿಗ್ರಿ ಬೇಕು.”

ಮುದುಕಿ ಮೂಲೆಯಲ್ಲಿ ಕೂತು ಕವಳದ ಸಂಚಿ ಬಿಚ್ಚಿದರು.

ತೊಟ್ಟಿಯಿಂದ ಆವಿ ಏಳತೊಡಗಿತು. ಅದು ಒಳ್ಳೆಯ ಲಕ್ಷಣ ಎಂದು ನಾನು ಸಂಘದವರಿಗೆ ವಿವರಿಸಿದೆ. ಸ್ವಲ್ಪ ಹೊತ್ತಿಗೆ ಘಮ್ಮೆನ್ನುವ ವಾಸನೆಯೂ ಬಂತು. ಅದಕ್ಕೂ ಏನೋ ಒಂದು ವಿವರಣೆ ಕೊಟ್ಟೆ, ಏನೆಂದು ದೇವರೇ ಬಲ್ಲ. ಒಂದು ಸಲ, ಒಂದೇ ಒಂದು ಸಲ, ನನ್ನ ಬೆರಳು ಅದ್ದಿ ನೋಡಿದ್ದರೆ ಆಗುತ್ತಿತ್ತು. ಅಧಿಕಾರಿ ಆದವಳು ಮೊಣಕೈ ಅದ್ದುವುದೇ? ಅಂಕಿ ನೋಡುತ್ತಾ ಕೂತೆ.

ಆಗ ಹಣ್ಣು ಸಾಗಿಸುವ ಪಿಕಪ್ಪು ಬಂತು. ಅದರ ಮಾಲೀಕರು ಶಿರಸಿಯ ಸಾಹೇಬರು, ವರ್ಷಾನುಗಟ್ಟಲೆ ಮಾವು ಸಾಗಿಸಿದವರು. ಎಲ್ಲರಿಗೂ ಭಾಯಿ. ಇಳಿದವರೇ ಮೂಗೆತ್ತಿ ಗಾಳಿ ಎಳೆದರು.

“ಏನಕ್ಕಾ, ಇವತ್ತು ಸಂಘದ ಊಟ ಇದೆಯಾ? ಮಾವಿನಹಣ್ಣಿನ ಗೊಜ್ಜು ಬಹುತ್ ಜೋರ್ ವಾಸನೆ!”

ಭಾಯಿ ತೊಟ್ಟಿ ನೋಡಿದರು, ಯಂತ್ರ ನೋಡಿದರು. “ಮೇಡಂ, ಈ ಅಂಕಿಯ ತಂತಿ ನೀರೊಳಗೆ ಇರಬೇಕಲ್ಲಾ? ಇದೆಲ್ಲಿ ಹೋಗಿದೆ?” ಎಂದು ಯಂತ್ರದಿಂದ ಹೊರಟ ಕರೀ ತಂತಿಯ ಮೇಲೆ ಬೆರಳಾಡಿಸುತ್ತ ಹೋದರು. ತಂತಿ ಯಂತ್ರದ ಹಿಂದಿನಿಂದ ಗೋಡೆ ಹತ್ತಿತು. ಎಲ್ಲರ ಕಣ್ಣೂ ಗೋಡೆ ಹತ್ತಿದವು. ಮೇಲೆ ಒಂದು ಮೊಳೆಯಲ್ಲಿ, ನೀಟಾಗಿ ಎರಡು ಸುತ್ತು ಸುತ್ತಿ, ನೀರಿನ ಬಿಸಿ ಅಳೆಯುವ ಕಡ್ಡಿ ನೇತಾಡುತ್ತಿತ್ತು. ಯಂತ್ರ ಅಷ್ಟೂ ಹೊತ್ತು ಪ್ರಾಮಾಣಿಕವಾಗಿ ಶೆಡ್ಡಿನ ಸೆಕೆ ತೋರಿಸಿತ್ತು.

ನೇತುಹಾಕಿದವಳು ನಾನು. ಬೆಳಿಗ್ಗೆ ತೊಟ್ಟಿ ತೊಳೆಸುವ ಮೊದಲು, ಸರ್ಕಾರದ ವಸ್ತು ಒದ್ದೆಯಾಗಿ ಹಾಳಾಗಬಾರದು ಎಂದು ತೆಗೆದಿಟ್ಟಿದ್ದೆ. ಆಗ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಹೆಂಗಸರು ಹೊರಗೆ ಬುಟ್ಟಿ ಇಳಿಸುತ್ತಿದ್ದರು.

ಕೈ ಎತ್ತಿ ಕಡ್ಡಿ ಇಳಿಸಿ ನೀರಿಗೆ ಬಿಟ್ಟೆ. ಅಂಕಿ ಒಂದೇ ಓಟಕ್ಕೆ ಎಪ್ಪತ್ತು ದಾಟಿತು. ಬುಟ್ಟಿ ಎತ್ತಿದರೆ ಆಪೂಸುಗಳು ಸಿಪ್ಪೆ ಸುಕ್ಕಿಸಿಕೊಂಡು ಒಂದರ ಮೇಲೊಂದು ಒರಗಿದ್ದವು. ಅಕ್ಕ ಒಂದನ್ನು ಕೈಗೆತ್ತಿಕೊಂಡರು. ಅದು ಬೆರಳ ಸಂದಿಯಿಂದ ಇಳಿದು ಗೊರಟೆ ಮಾತ್ರ ಉಳಿಯಿತು.

“ಇದನ್ನ ಅಲ್ಲಿ ಕಟ್ಟಿದ್ದು ಯಾರು?” ಎಂದು ಆ ಮೂರು ಮನೆಯ ಹೆಂಗಸೊಬ್ಬಳು ಕೇಳಿದಳು.

ನನ್ನ ಬಾಯಿ ತೆರೆದಿತ್ತು. ವಜ್ರಳ್ಳಿಯಲ್ಲಿ ಅಷ್ಟು ಜೋರಾಗಿದ್ದ ದನಿ ಎಲ್ಲಿ ಹೋಯಿತೋ.

“ಯಾರೋ ಕಟ್ಟಿರ್ತಾರೆ,” ಎಂದರು ಅಕ್ಕ. “ಅಧ್ಯಕ್ಷೆ ನಾನು. ಇಳಿಸುವ ಮೊದಲು ನಾನು ನೋಡಬೇಕಿತ್ತು. ತಪ್ಪು ನಂದೇ.”

ನಾನು ಸುಮ್ಮನಿದ್ದೆ. ಸಂಜೆ ಕಂಪನಿಯವರು ಬಂದು, ನೋಡಿ, ಮುಂದಿನ ವರ್ಷ ನೋಡೋಣ ಎಂದು ಹೋದರು. ಉಳಿದ ಎಂಟು ಮನೆಯ ಹಣ್ಣು ಭಾಯಿಯ ಪಿಕಪ್ಪಿನಲ್ಲಿ ಹುಬ್ಬಳ್ಳಿ ಮಾರುಕಟ್ಟೆಗೆ ಹೋಯಿತು. ಬೆಂದ ಹಣ್ಣನ್ನು ಹೆಂಗಸರು ಅಲ್ಲೇ ಕಿವುಚಿ, ಬೆಲ್ಲ ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟರು. ಮೂರು ಮನೆಯ ಬೆಳೆ ಒಂದು ದೊಡ್ಡ ಪಾತ್ರೆಯ ಗೊಜ್ಜಾಯಿತು. ನನಗೂ ಎಲೆ ಹಾಕಿದರು. ಬೇಡ ಎಂದರೆ ಅನುಮಾನ ಬಂದೀತೆಂದು ಕೂತು ಉಂಡೆ.

ಮುದುಕಿ ಎದುರಿಗೆ ಬಂದು ನಿಂತು, ಸೌಟು ಹಿಡಿದು ಕೇಳಿದರು: “ಹೆಂಗಿದ್ದು ಮೇಡಂ? ಬೆಂದಿದ್ದು ಸಾಕಾತಾ?”

೫. ಸಂಪನ್ಮೂಲ ವ್ಯಕ್ತಿ

ಆದದ್ದಕ್ಕೆ ವರದಿ ಬೇಕೆಂದು ಮೇಲಿನಿಂದ ಕಾಗದ ಬಂತು. ಶಿರಸಿಯ ಆಫೀಸಿನಲ್ಲಿ ಕೂತು ಮೂರು ಸಲ ಬರೆದು ಮೂರು ಸಲ ಹರಿದೆ. ನಾಲ್ಕನೆಯದರಲ್ಲಿ, “ಫಲಾನುಭವಿಗಳಲ್ಲಿ ತಾಂತ್ರಿಕ ತಿಳಿವಳಿಕೆಯ ಕೊರತೆ ಕಂಡುಬಂದಿದೆ” ಎಂದು ಬರೆದು ಸಹಿ ಹಾಕಿದೆ. ಹೆಸರು ಹಾಕಿಲ್ಲವಲ್ಲ, ಯಾರಿಗೂ ತೊಂದರೆ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಆ ಮಳೆಗಾಲದಲ್ಲಿ ಅಕ್ಕ ಆ ಮೂರು ಮನೆಗೂ ಹೋಗಿ ಕ್ಷಮೆ ಕೇಳಿದರು ಎಂದು ಭಾಯಿ ಹೇಳಿದರು. ಮುಂದಿನ ಸಲ ಗುತ್ತಿಗೆದಾರನೇ ವಾಸಿ ಎಂದು ಕೆಲವರು ಮುಖಕ್ಕೆ ಹೊಡೆದ ಹಾಗೆ ಅಂದರಂತೆ. ನಾನು ಆಮೇಲೆ ಮನ್ಮನೆ ರಸ್ತೆಗೆ ಹೋಗುವುದನ್ನೇ ಬಿಟ್ಟೆ. ಸಿದ್ದಾಪುರಕ್ಕೆ ಹೋಗಬೇಕಾದರೂ ಜೀಪು ಡ್ರೈವರಿಗೆ ಏನೋ ನೆಪ ಹೇಳಿ ಸುತ್ತು ದಾರಿ ಹಿಡಿಸುತ್ತಿದ್ದೆ. ಅವನು ಪಾಪ, ಮೇಡಂಗೆ ಆ ಕಡೆ ಯಾವುದೋ ಹರಕೆ ಇದೆ ಅಂದುಕೊಂಡಿದ್ದ.

ಸರ್ಕಾರದಲ್ಲಿ ಬರೆದದ್ದು ಸಾಯುವುದಿಲ್ಲ. ನನ್ನ ವರದಿ ಎಲ್ಲೆಲ್ಲೋ ಸುತ್ತಿ, ಮಾವು ಹೂ ಬಿಡುವ ಹೊತ್ತಿಗೆ ಆದೇಶವಾಗಿ ಹಿಂದೆ ಬಂತು. ಮನ್ಮನೆ ಸಂಘದ ಸದಸ್ಯೆಯರಿಗೆ ತಾಂತ್ರಿಕ ತಿಳಿವಳಿಕೆಯ ಕೊರತೆ ಇರುವುದರಿಂದ ಒಂದು ದಿನದ ತರಬೇತಿ ಕೊಡತಕ್ಕದ್ದು. ಸ್ಥಳ ಸಿದ್ದಾಪುರ. ವಿಷಯ, ಬಿಸಿನೀರಿನ ಉಪಚಾರ. ಸಂಪನ್ಮೂಲ ವ್ಯಕ್ತಿ ಎಂಬ ಕಡೆ ನನ್ನ ಹೆಸರು.

ಎರಡು ದಿನ ಜ್ವರ ಬರಲಿ ಎಂದು ಕಾದೆ. ಬರಲಿಲ್ಲ.

ಹನ್ನೊಂದು ಮನೆಯ ಹೆಂಗಸರೂ ಬಂದಿದ್ದರು. ಮೊದಲ ಸಾಲಿನಲ್ಲಿ ಅಕ್ಕ, ಹೊಸ ಪಟ್ಟಿ ಪುಸ್ತಕ, ಪೆನ್ನು. ಪಕ್ಕದಲ್ಲಿ ಅವರ ಅತ್ತೆ. ಅವರಿಗೆ ಓದು ಬರಹ ಇಲ್ಲ, ಆದರೂ ಬಂದಿದ್ದರು. ಗುತ್ತಿಗೆದಾರ ಮರ ಕೇಳಿಕೊಂಡು ಊರಿಗೆ ಬಂದು ಕೂತಿದ್ದಾನೆ, ಯಾರೂ ಇನ್ನೂ ಅವನಿಗೆ ಹೂಂ ಎಂದೂ ಅಂದಿಲ್ಲ, ಊಹೂಂ ಎಂದೂ ಅಂದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಆವತ್ತು ನನ್ನ ಮಾತು ಕೇಳಿ ಅವರು ತೀರ್ಮಾನಿಸುವವರಿದ್ದರು.

ನಾನು ತೊಟ್ಟಿಯ ಚಿತ್ರ ಬಿಟ್ಟು ಶುರು ಮಾಡಿದೆ. ಎರಡು ವಾಕ್ಯ ಆಗಿತ್ತೋ ಇಲ್ಲವೋ, ಅಕ್ಕ ಕೈ ಎತ್ತಿದರು.

“ಮೇಡಂ, ಆ ಕಡ್ಡಿ ನೀರಿನ ಒಳಗೆ ಎಷ್ಟು ಆಳಕ್ಕೆ ಇರಬೇಕು ಹೇಳಿ. ಬರ್ಕೊಳ್ತೇನೆ. ಈ ಸಲ ನನ್ನಿಂದ ತಪ್ಪಾಗಬಾರ್ದು.”

ಚುಚ್ಚಿ ಕೇಳಿದ್ದಲ್ಲ. ಪೆನ್ನಿನ ಮುಚ್ಚಳ ತೆಗೆದು, ನಿಜವಾಗಿಯೂ ಬರೆದುಕೊಳ್ಳಲು ಕಾದಿದ್ದರು. ಚುಚ್ಚಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಕಾಗದ ಮೇಜಿನ ಮೇಲೆ ಇಟ್ಟೆ.

“ಅಕ್ಕಾ, ಬರೀಬ್ಯಾಡ್ರಿ” ಅಂದೆ. “ನಿಮ್ಮ ತಪ್ಪು ಏನೂ ಇರಲಿಲ್ಲ. ಆ ಕಡ್ಡಿ ಮೊಳೆಗೆ ಕಟ್ಟಿದಾಕಿ ನಾನು. ಆವತ್ತು ಹೇಳಲಿಲ್ಲ. ಮ್ಯಾಲ ವರದಿಯೊಳಗ ನಿಮ್ಮ ಮ್ಯಾಲೇ ಹಾಕಿ ಬರದೆ. ನಿಮಗ ಮುಖ ತೋರ್ಸಾಕ ನನಗ ನಾಚಿಕಿ ಆಗ್ತೈತ್ರಿ.”

ಇಷ್ಟನ್ನು ನಾನು ಬಹಳ ಸಣ್ಣ ದನಿಯಲ್ಲಿ ಹೇಳಿದೆ. ಯಾರೂ ಬೆಚ್ಚಲಿಲ್ಲ, ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಕ್ಕ ಮಾತ್ರ ತಲೆ ತಗ್ಗಿಸಿ ಪೆನ್ನಿಗೆ ಮುಚ್ಚಳ ಹಾಕಿದರು. ಬೈದರೂ ಆಗುತ್ತಿತ್ತು.

ಕೊನೆಗೆ ಅತ್ತೆ ಬಾಯಿ ಬಿಟ್ಟರು. ಅವರಿಗೆ ಮನೆಮಾತು ಬಿಟ್ಟು ಬೇರೆ ಬರುವುದಿಲ್ಲ.

“ಎಂಗಕ್ಕೆಲ್ಲಾ ಆವತ್ತೇ ಗೊತ್ತಿದ್ದು ಮೇಡಂ.”

“ಎಲ್ಲಾರಿಗೂ ಆವತ್ತೇ ಗೊತ್ತಿತ್ತೇನ್ರಿ?” ಅಂದೆ. “ಹೆಂಗ್ರಿ? ಯಾರೂ ನೋಡಿರಲಿಲ್ಲಲ್ರಿ?”

“ನೋಡೇ ತಿಳಿಯವು ಹೇಳಿ ಎಂತ ಇದ್ದು? ಕಡ್ಡಿ ಕಂಡ ಕೂಡ್ಲೇ ಎಂಗಳ ಹೆಂಗಸರೆಲ್ಲ ಸ್ಟೂಲು ಹುಡುಕ್ತಾ ಇದ್ದಿದ್ದ. ನಿಂಗ ನಿಂತಲ್ಲೇ ಕೈ ಎತ್ತಿ ಇಳಿಸಿದಿ. ಇಡೀ ಸಂಘದಲ್ಲಿ ಆ ಮೊಳೆ ಮತ್ಯಾರಿಗೂ ಎಟುಕ್ತಿಲ್ಲೆ.”

ಹಿಂದಿನ ಸಾಲಿನಲ್ಲಿ ಯಾರೋ ತಡೆಯಲಾರದೆ ಕಿಸಕ್ಕೆಂದರು. ಆಮೇಲೆ ಹನ್ನೊಂದು ಮನೆಯೂ ನಕ್ಕಿತು. ಅಕ್ಕನೂ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ನನ್ನ ಎತ್ತರದ ಬಗ್ಗೆ ನನಗೆ ಆವತ್ತಿನ ತನಕ ಹೆಮ್ಮೆ ಇತ್ತು.

ನಗು ನಿಲ್ಲುವ ತನಕ ಮುದುಕಿ ಕಾದರು. ಆಮೇಲೆ ಸೊಸೆಯ ಕಡೆ ತಿರುಗಿ, ಗುತ್ತಿಗೆದಾರನಿಗೆ ಈ ವರ್ಷವೂ ಮರ ಇಲ್ಲೆ ಹೇಳಿ ಹೇಳು, ಮೇಡಂ ತಪ್ಪು ಒಪ್ಪಿಕೊಂಡಾತು ಎಂದರು. ಗೋಡೆ ಹಿಡಿದು ಎದ್ದು, ಬಾಗಿದ ಬೆನ್ನಲ್ಲೇ ಕತ್ತೆತ್ತಿ ನನ್ನನ್ನು ಅಷ್ಟೆತ್ತರಕ್ಕೂ ಒಮ್ಮೆ ನೋಡಿದರು.

“ಆ ಮೊಳೆ ಹೋದ ವಾರವೇ ಕಿತ್ತಾತು ಮೇಡಂ. ನಿಂಗ ಹೆದರಡಿ, ಬನ್ನಿ.”